ಚಿಗವ್ವನ ಮೇಲಿನ ಆರೋಪ

ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಚಿಗವ್ವನಿಗೆ ಒಂದು ಮಾತು ಅಂದಿದ್ದೆ. ಬೆಟಗೇರಿಯ ನಮ್ಮ ಮನೆಯ ಅಡುಗೆಕೋಣೆ, ಸಂಜೆ ಹೊತ್ತು, ಆಕೆ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಮೂಲೆಯಲ್ಲಿ ಕೂತು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಯಾವುದಕ್ಕೋ ಜಗಳ ಹತ್ತಿತು. ಯಾವುದಕ್ಕೆಂದು ಈಗ ನೆನಪಿಲ್ಲ. "ನೀ ಈ ಮನಿಗೆ ಬಂದ ಮ್ಯಾಲೇ ನನ್ನ ತಮ್ಮ ಮಾತು ಬಿಟ್ಟ," ಅಂದೆ. ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಳ್ಳುತ್ತ ಆಕೆ, "ಹಂಗಂತ ಎಲ್ಲಾರೂ ಅಂತಾರವಾ, ಈಗ ನೀನೂ ಅಂದಿ," ಅಂದಳು. ಅಷ್ಟೇ.

ಆ ಮಾತು ನನ್ನ ಸ್ವಂತದ್ದಾಗಿರಲಿಲ್ಲ. ಲಕ್ಷ್ಮೇಶ್ವರದ ಅಜ್ಜಿ, ಅಂದರೆ ನನ್ನ ಹೆತ್ತವ್ವನ ತಾಯಿ, ಅದನ್ನು ಅಳುತ್ತ ಹೇಳುತ್ತಿದ್ದಳು. ಶಿರಹಟ್ಟಿಯ ಸೋದರತ್ತೆ ದನಿ ತಗ್ಗಿಸಿ ಹೇಳುತ್ತಿದ್ದಳು. ಓಣಿಯ ಹೆಂಗಸರು ಹೇಳದೆಯೇ ಹೇಳುತ್ತಿದ್ದರು. ನಾನು ಅದನ್ನು ಎತ್ತಿ ಆಡಿದೆ, ಮರೆತೆ. ಎಂಟು ವರ್ಷಗಳ ಮೇಲೆ, ಧಾರವಾಡದಲ್ಲಿ ಇತಿಹಾಸ ಓದುತ್ತಿದ್ದಾಗ, ಅದೇ ಮಾತು ಇಂಗ್ಲಿಷ್ ಪುಸ್ತಕವೊಂದರಲ್ಲಿ ಎದುರಾಯಿತು. ಹೇಳಿದವರು ಅಮೆರಿಕದ ದೊಡ್ಡ ದೊಡ್ಡ ವೈದ್ಯರು. ಓಣಿಯ ಕಟ್ಟೆಯ ಮೇಲೆ ಹುಟ್ಟಿತೆಂದು ನಾನು ತಿಳಿದಿದ್ದ ಆರೋಪಕ್ಕೆ ಅಷ್ಟು ಘನವಾದ ವಂಶಾವಳಿ ಇದೆಯೆಂದು ತಿಳಿದಾಗ ಆದದ್ದು ಸಮಾಧಾನವೋ ನಾಚಿಕೆಯೋ, ಇವತ್ತಿಗೂ ಹೇಳಲಾರೆ. ಈ ಬರಹ ಆ ವಂಶಾವಳಿಯನ್ನು ಹುಡುಕಿಕೊಂಡು ಹೋದದ್ದರ ವಿವರ.

ಮೊದಲು ಮನೆಯ ಕಾಲಗಣನೆ. ತಮ್ಮ ಹುಟ್ಟಿದ್ದು 2004ರ ಫೆಬ್ರವರಿಯಲ್ಲಿ. 2006ರ ಆಷಾಢದಲ್ಲಿ ಅವ್ವ ಕಾಮಾಲೆಯಿಂದ ತೀರಿಕೊಂಡಳು. 2007ರಲ್ಲಿ ಯುಗಾದಿ ಕಳೆದ ಮೇಲೆ ಅಪ್ಪ ಮುಂಡರಗಿಯಿಂದ ಒಬ್ಬ ವಿಧವೆಯನ್ನು ಮಾಡಿಕೊಂಡು ಬಂದ. ಆಕೆಯ ಜೊತೆಗೆ ಐದು ವರ್ಷದ ಮಗಳಿದ್ದಳು. ಈಗ ಅವಳು ನನ್ನ ತಂಗಿ. ಆಗ ನನಗೆ ಹನ್ನೊಂದು, ತಮ್ಮನಿಗೆ ಮೂರು ತುಂಬಿ ಒಂದೆರಡು ತಿಂಗಳು. ಅವನು ಮಾತಾಡುತ್ತಿರಲಿಲ್ಲ, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕುಕ್ಕರಿನ ಸೀಟಿಗೆ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಆದರೆ ಅಪ್ಪನ ಮಗ್ಗದ ಸದ್ದು ಮಾತ್ರ ಅವನಿಗೆ ಬೇಕು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ಕುಣಿಯ ದಂಡೆಯ ಮೇಲೆ ಕೂತು ತಾಸುಗಟ್ಟಲೆ ನೋಡುತ್ತಿದ್ದ.

ತಾಯಿ ಸತ್ತ ಮನೆ, ಮಾತು ಬಿಟ್ಟ ಮಗು, ಹೊಸದಾಗಿ ಬಂದ ಹೆಂಗಸು. ಈ ಮೂರನ್ನು ಒಂದರ ಪಕ್ಕ ಒಂದು ಇಟ್ಟರೆ ಕಥೆ ತಾನಾಗಿ ಕಟ್ಟಿಕೊಳ್ಳುತ್ತದೆ.

ಅದು ಅಷ್ಟು ಸಲೀಸಾಗಿ ಕಟ್ಟಿಕೊಳ್ಳುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೂ ಇದೆ. ಕನ್ನಡದಲ್ಲಿ 'ಮಲತಾಯಿ' ಎಂಬ ಪದವಿದೆ. ಗಮನಿಸಿ ನೋಡಿ, ಅದು ಬೆನ್ನ ಹಿಂದಿನ ಪದ. ಯಾವ ಮಗುವೂ ಯಾವ ಹೆಂಗಸನ್ನೂ "ಮಲತಾಯೀ" ಎಂದು ಕೂಗಿ ಕರೆದದ್ದನ್ನು ನಾನು ಕೇಳಿಲ್ಲ. ಕಥೆಯಲ್ಲಿ, ಗಾದೆಯಲ್ಲಿ, ಪತ್ರಿಕೆಯ ತಲೆಬರಹದಲ್ಲಿ, ಸರಕಾರ ಅನುದಾನ ಕೊಡದಿದ್ದರೆ 'ಮಲತಾಯಿ ಧೋರಣೆ' ಎನ್ನುವ ಭಾಷಣದಲ್ಲಿ ಅದು ಬದುಕಿದೆ. ಎದುರಿಗೆ ಕರೆಯಲು ನಮ್ಮ ಕಡೆ ಇರುವುದು 'ಚಿಗವ್ವ'. ಚಿಕ್ಕ ಅವ್ವ. ತಾಯಿಯ ತಂಗಿಯೂ ಚಿಗವ್ವ, ಕಾಕಾನ ಹೆಂಡತಿಯೂ ಚಿಗವ್ವ, ಅಪ್ಪನ ಎರಡನೆಯ ಹೆಂಡತಿಯೂ ಚಿಗವ್ವ. ಕರೆಯುವ ಪದ ಆಕೆಯನ್ನು ಅವ್ವಂದಿರ ಸಾಲಿನಲ್ಲಿ ಕೂರಿಸುತ್ತದೆ, ಹೇಳುವ ಪದ ಸಾಲಿನಿಂದ ಎಬ್ಬಿಸುತ್ತದೆ. ನಮ್ಮ ಮನೆಯಲ್ಲಿ ಎರಡೂ ಪದಗಳು ಒಂದೇ ದಿನ, ಒಂದೇ ಬಾಯಲ್ಲಿ ಓಡಾಡುತ್ತಿದ್ದವು.

ಇನ್ನೊಂದು ಪದ 'ಉಡಿಕೆ', ಬಾಯಲ್ಲಿ 'ಉಡಕಿ'. ವಿಧವೆಗೆ ಸೀರೆ ಉಡಿಸಿ ಮಾಡಿಕೊಳ್ಳುವ ಮದುವೆ. ಅಪ್ಪನದೂ ಹಾಗೆಯೇ ಆಯಿತು. ರಾತ್ರಿ ಊಟದ ಹೊತ್ತಿನಲ್ಲಿ, ನಾಲ್ಕು ಜನ ಹಿರಿಯರ ಮುಂದೆ, ಬಾಜಾ ಬಜಂತ್ರಿ ಇಲ್ಲದೆ. ವಿಧವಾ ವಿವಾಹ ಎಂದರೆ ಹತ್ತೊಂಬತ್ತನೆಯ ಶತಮಾನದ ಸುಧಾರಕರು ತಂದುಕೊಟ್ಟದ್ದು ಎಂದು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಧಾರವಾಡ ಗ್ಯಾಸೆಟಿಯರ್ ತೆರೆದರೆ ಬೇರೆಯೇ ಚಿತ್ರ. ಒಂದೊಂದು ಜಾತಿಯ ವಿವರದ ಕೊನೆಗೂ ಇವರಲ್ಲಿ ವಿಧವೆಯರು ಮತ್ತೆ ಮದುವೆಯಾಗುತ್ತಾರೆ ಅಥವಾ ಆಗುವುದಿಲ್ಲ ಎಂದು ನಮೂದಿಸುತ್ತ ಹೋಗುತ್ತದೆ. 'ಆಗುತ್ತಾರೆ' ಎಂಬ ಜಾತಿಗಳ ಸಂಖ್ಯೆ ಸಣ್ಣದಲ್ಲ. ಅಂದರೆ ಎರಡು ಮನೆಯ ಮಕ್ಕಳು ಒಂದೇ ಗಂಗಾಳದಲ್ಲಿ ಉಣ್ಣುವುದು ಈ ಸೀಮೆಗೆ ಹೊಸದಲ್ಲ. ಆದರೆ ಆ ಮಕ್ಕಳು ಯಾರ ಹತ್ತಿರ ಮಲಗಿದರು, ಜ್ವರ ಬಂದಾಗ ಯಾರು ಎದ್ದರು ಎಂದು ಕೇಳಿದರೆ ದಾಖಲೆ ಸುಮ್ಮನಾಗುತ್ತದೆ.

ಕಾನೂನು ಸುಮ್ಮನಿರಲಿಲ್ಲ. ನನ್ನ ಪಿಎಚ್‌.ಡಿ. ಇರುವುದು ಇದರ ಮೇಲೆಯೇ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯ ಮೊದಲನೆಯ ಕಲಮನ್ನು ಎಲ್ಲರೂ ನೆನೆಯುತ್ತಾರೆ, ಮದುವೆಗೆ ಮಾನ್ಯತೆ ಕೊಟ್ಟದ್ದು ಅದು. ಎರಡನೆಯ ಕಲಮು ಮದುವೆಯಾದ ಕೂಡಲೇ ಸತ್ತ ಗಂಡನ ಆಸ್ತಿಯ ಮೇಲೆ ಆಕೆಗಿದ್ದ ಹಕ್ಕನ್ನು ತೆಗೆಯಿತು. ಮೂರನೆಯದನ್ನು ಯಾರೂ ನೆನೆಯುವುದಿಲ್ಲ. ಗಂಡ ತನ್ನ ಉಯಿಲಿನಲ್ಲಿ ಯಾರನ್ನೂ ಪೋಷಕರೆಂದು ಹೆಸರಿಸದೆ ಸತ್ತಿದ್ದರೆ, ವಿಧವೆ ಮರುಮದುವೆಯಾದ ಮೇಲೆ ಅವನ ಕಡೆಯವರು ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಿರೆಂದು ಕೋರ್ಟಿಗೆ ಹೋಗಬಹುದು ಎನ್ನುತ್ತದೆ ಅದು. ಉಡಿಕೆ ಪದ್ಧತಿ ಮೊದಲಿನಿಂದಲೂ ಇದ್ದ ಜಾತಿಗಳಿಗೂ ಆಸ್ತಿಯ ಆ ಎರಡನೆಯ ಕಲಮು ಅನ್ವಯಿಸುತ್ತದೆ ಎಂದು ಮುಂಬಯಿ ಹೈಕೋರ್ಟು ಹಿಡಿಯಿತು, ಅಲಹಾಬಾದ್ ಹೈಕೋರ್ಟು ಇಲ್ಲವೆಂದಿತು. ಗದಗ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಈಗ ಬಸ್ಸಿನಲ್ಲಿ ಹೆಚ್ಚುಕಡಿಮೆ ತಾಸಿನ ಹಾದಿಯಾಗಿರುವ ಊರುಗಳ ನಡುವೆ ಆಗ ಮೂರು ಸರಕಾರಗಳಿದ್ದವು. ಸಂಶೋಧಕಿಗೆ ಇದು ತಲೆನೋವು, ಕಾಗದಗಳೂ ಮೂರು ದಿಕ್ಕಿಗೆ ಚದುರಿವೆ.

1856ರ ಕಾಯ್ದೆ 1983ರಲ್ಲಿ ರದ್ದಾಯಿತು. ಆದರೆ 2007ರಲ್ಲಿ ಚಿಗವ್ವ ಮುಂಡರಗಿ ಬಿಡುವಾಗ ಸತ್ತ ಗಂಡನ ಅಣ್ಣತಮ್ಮಂದಿರು ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು, "ನೀ ಹೋಗು, ಹುಡುಗಿ ನಮ್ಮ ಮನಿತನದ್ದು, ಬಿಟ್ಟು ಹೋಗು." ಅವರಲ್ಲಿ ಒಬ್ಬರೂ ಆ ಕಾಯ್ದೆಯ ಹೆಸರು ಕೇಳಿದವರಲ್ಲ. ಮೂರನೆಯ ಕಲಮು ಅವರ ಬಾಯಲ್ಲಿ ಹಾಗೆಯೇ ಇತ್ತು. ಆಕೆ ಮಗಳ ಕೈ ಹಿಡಿದು ಬಸ್ಸು ಹತ್ತಿದಳು. ತನ್ನ ಮಗಳನ್ನು ಬಿಟ್ಟುಕೊಡದ ಹೆಂಗಸು ಇನ್ನೊಬ್ಬಳ ಮಗನ ಮಾತು ಕಿತ್ತುಕೊಂಡಳು ಎಂದು ನಾವು ನಂಬಿದೆವು.

ತಮ್ಮನಂಥ ಮಕ್ಕಳು ಹಿಂದೆ ಇರಲಿಲ್ಲವೇ? ಇದ್ದರು, ಬೇರೆ ಹೆಸರಿನಲ್ಲಿ. ಬ್ರಿಟಿಷರ ಜನಗಣತಿಯಲ್ಲಿ 1931ರವರೆಗೂ 'ಅಂಗವೈಕಲ್ಯ'ಕ್ಕೆಂದು ನಾಲ್ಕು ವಿಭಾಗಗಳಿದ್ದವು: ಹುಚ್ಚರು, ಕಿವುಡ-ಮೂಗರು, ಕುರುಡರು, ಕುಷ್ಠರೋಗಿಗಳು. ಎಣಿಸುವವ ನಮ್ಮ ಮನೆಗೆ ಬಂದಿದ್ದರೆ ತಮ್ಮನನ್ನು ಎಲ್ಲಿ ಬರೆಯುತ್ತಿದ್ದ? ಕಿವಿ ಚುರುಕು, ಎರಡು ಓಣಿಯಾಚೆಯ ಗಿರಣಿ ಶುರುವಾದರೂ ಅವನಿಗೆ ಗೊತ್ತಾಗುತ್ತದೆ. ಮಾತಿಲ್ಲ. ಬಹುಶಃ ಮೂಗರಲ್ಲಿ, ಅಥವಾ ಎಣಿಸುವವನ ಎದುರು ಚೀರಿದ್ದರೆ ಹುಚ್ಚರಲ್ಲಿ. ಓಣಿಯವರಿಗೆ ಎರಡೂ ಬೇಕಿರಲಿಲ್ಲ. ಅವರ ಹತ್ತಿರ 'ಮಳ್ಳ' ಎಂಬ ಪದವಿತ್ತು. ಅದರಲ್ಲಿ ಕುಚೋದ್ಯವಿದ್ದರೂ ಕ್ರೌರ್ಯ ಕಡಿಮೆ. ಮಳ್ಳನಿಗೆ ಜಾತ್ರೆಯಲ್ಲಿ ಕೈತುಂಬ ಚುರುಮುರಿ ಸಿಗುತ್ತದೆ.

ಅಜ್ಜಿ ಅವನನ್ನು ಹೊತ್ತುಕೊಂಡು ತಿರುಗದ ಜಾಗವಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿ, ಅಲ್ಲಿಂದ ದೂದನಾನಾ ದರ್ಗಾ, ಶಿರಹಟ್ಟಿಯ ಫಕೀರೇಶ್ವರ ಮಠ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗಗಳು ನಮ್ಮ ಸೀಮೆಯಲ್ಲಿ ಇವೆಯೆಂದು ಲೇಖನಗಳಲ್ಲಿ ಹೆಮ್ಮೆಯಿಂದ ಬರೆಯುತ್ತೇವೆ. ಮಗು ಮಾತಾಡಲಿ ಎಂದು ಹೋಗುವ ಅಜ್ಜಿಗೆ ಅದು ಭಾವೈಕ್ಯವಲ್ಲ, ಒಂದು ಬಾಗಿಲು ತೆರೆಯದಿದ್ದರೆ ಇನ್ನೊಂದು ಬಾಗಿಲು. ಚಿಗವ್ವ ಒಮ್ಮೆಯೂ ಬೇಡ ಅನ್ನಲಿಲ್ಲ. ಬುತ್ತಿ ಕಟ್ಟಿಕೊಡುತ್ತಿದ್ದಳು. ಆ ಬುತ್ತಿಯನ್ನು ಅಜ್ಜಿ ದಾರಿಯಲ್ಲಿ ಭಿಕ್ಷುಕರಿಗೆ ಕೊಟ್ಟುಬಿಡುತ್ತಿದ್ದಳೆಂದು ನನಗೆ ಗೊತ್ತಿತ್ತು.

ಹೆಸರು ಸಿಕ್ಕಿದ್ದು 2010ರಲ್ಲಿ, ಆರು ವರ್ಷದವನಿದ್ದಾಗ. ವೈದ್ಯರು 'ಆಟಿಸಂ' ಎಂದರು. ಕನ್ನಡದಲ್ಲಿ ಈಗ 'ಸ್ವಲೀನತೆ' ಎನ್ನುತ್ತೇವೆ, ತನ್ನಲ್ಲೇ ಲೀನವಾಗುವುದು. ಧ್ಯಾನದ ಪದದಂತಿದೆ ಎಂದು ನನಗೆ ಆ ಅನುವಾದದ ಮೇಲೆ ಸಣ್ಣ ತಕರಾರಿದೆ. ತಮ್ಮ ತನ್ನಲ್ಲಿ ಲೀನನಾಗಿಲ್ಲ. ಲಾಳಿಯಲ್ಲಿ, ಫ್ಯಾನಿನಲ್ಲಿ, ಗಾಲಿಯಲ್ಲಿ ಲೀನನಾಗಿದ್ದಾನೆ. ಇರಲಿ.

ಈಗ ಅಮೆರಿಕದ ಕಡೆಗೆ ಹೋಗಬೇಕು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಪ್ರಬಂಧ ಬರೆದ. 8 ಹುಡುಗರು, 3 ಹುಡುಗಿಯರು. ಆಟಿಸಂ ಎಂಬ ಸ್ಥಿತಿಗೆ ವೈದ್ಯಕೀಯದಲ್ಲಿ ಜಾಗ ಸಿಕ್ಕಿದ್ದು ಅಲ್ಲಿಂದ. ಈ ಮಕ್ಕಳು ಇದನ್ನು ಹುಟ್ಟಿನಿಂದಲೇ ತಂದಿರುತ್ತಾರೆ ಎಂದು ಅದರ ಕೊನೆಗೆ ಹೇಳಿದ. ಅದೇ ಉಸಿರಿನಲ್ಲಿ, ಈ ಮಕ್ಕಳ ತಂದೆತಾಯಿಯರಲ್ಲಿ ಮನಸ್ಸು ಬೆಚ್ಚಗಿರುವವರು ಕಡಿಮೆ ಎಂದೂ ಸೇರಿಸಿದ. ಚರಿತ್ರೆ ಎರಡನೆಯ ಮಾತನ್ನು ಎತ್ತಿಕೊಂಡಿತು. ಆರು ವರ್ಷಗಳ ಮೇಲೆ ಕ್ಯಾನರನೇ ಈ ಮಕ್ಕಳನ್ನು ಫ್ರಿಜ್ಜಿನಲ್ಲಿಟ್ಟು ಬೆಳೆಸಿದಂತಿದೆ ಎಂಬರ್ಥದ ಮಾತು ಬರೆದ, ಅದು 'ಫ್ರಿಜ್ಜಿನ ತಾಯಿ' ಎಂಬ ಬೈಗುಳವಾಗಿ ಹರಡಿತು. 1967ರಲ್ಲಿ ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 'ದಿ ಎಂಪ್ಟಿ ಫೋರ್ಟ್ರೆಸ್' ಪುಸ್ತಕದಲ್ಲಿ ಅದನ್ನು ಸಿದ್ಧಾಂತವಾಗಿಸಿದ. ತಾಯಿಗೆ ತಾನು ಬೇಡವೆಂದು ಮಗುವಿಗೆ ತಿಳಿಯುತ್ತದೆ, ಅದಕ್ಕೇ ಅದು ಬಾಗಿಲು ಹಾಕಿಕೊಳ್ಳುತ್ತದೆ ಎಂದು. ಈತ ಸ್ವತಃ ನಾಜಿಗಳ ಯಾತನಾ ಶಿಬಿರದಲ್ಲಿದ್ದು ಬಂದವನು. ಆ ಅನುಭವದಿಂದಲೇ ಹೋಲಿಕೆ ತಂದ. ಮಗುವಿನ ಪಾಲಿಗೆ ಮನೆಯೇ ಶಿಬಿರವಾಯಿತು, ತಾಯಿ ಕಾವಲಿನವಳಾದಳು. ಅಂಥ ಕಷ್ಟ ಕಂಡ ಮನುಷ್ಯ ಇಂಥ ಕ್ರೂರ ಹೋಲಿಕೆ ಮಾಡಿದ್ದನ್ನು ಓದುವಾಗ ನನಗೆ ಅಡುಗೆಕೋಣೆಯ ರೊಟ್ಟಿಯ ಸಪ್ಪಳ ಕೇಳಿಸಿತು.

ಅಲ್ಲಿ ಹೆತ್ತ ತಾಯಿಯನ್ನೇ ಮೊದಲು ಮನಸ್ಸಿನಲ್ಲಿ ಮಲತಾಯಿಯನ್ನಾಗಿ ಮಾಡಿಕೊಂಡು ಆಮೇಲೆ ದೂರಬೇಕಾಯಿತು. ನಮ್ಮಲ್ಲಿ ಆ ಶ್ರಮವೂ ಬೇಕಾಗಲಿಲ್ಲ.

ಆ ಆರೋಪ ಬಿದ್ದ ಬಗೆಯನ್ನೂ ಹೇಳಬೇಕು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಹುಡುಗನ ತಂದೆ, ಇದು ಮಿದುಳಿನ ಬೆಳವಣಿಗೆಯ ವಿಷಯ, ಸಾಕಣೆಯ ದೋಷವಲ್ಲ ಎಂದು ಪುಸ್ತಕ ಬರೆದ. 1969ರಲ್ಲಿ ಕ್ಯಾನರ್ ತಂದೆತಾಯಿಯರ ಸಭೆಯೊಂದರಲ್ಲಿ ನಿಂತು ನಿಮ್ಮನ್ನು ಆರೋಪಮುಕ್ತರನ್ನಾಗಿ ಮಾಡುತ್ತೇನೆ ಎಂದ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳನ್ನು ನೋಡಿದರು. ಒಂದೇ ಅಂಡದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಸಣ್ಣ ಲೆಕ್ಕ, ಆದರೆ ವಂಶವಾಹಿಯ ಕಡೆಗೆ ಬೆರಳು ತೋರಿಸಿತು. ಕೆಲವು ಮಕ್ಕಳು ಒಂದೆರಡು ಪದ ಕಲಿತು ಎರಡನೆಯ ವರ್ಷದ ಆಸುಪಾಸಿನಲ್ಲಿ ಅವನ್ನು ಕಳೆದುಕೊಳ್ಳುತ್ತಾರೆ ಎಂಬುದೂ ಈಗ ಎಲ್ಲ ವೈದ್ಯರಿಗೆ ಗೊತ್ತಿರುವ ವಿಷಯ. ಆ ವಯಸ್ಸಿನಲ್ಲಿ ಮನೆಯಲ್ಲಿ ಏನು ನಡೆದಿರುತ್ತದೋ ಅದು ಕಾರಣವಾಗಿಬಿಡುತ್ತದೆ. ಒಂದು ಸಾವು, ಒಂದು ಮದುವೆ, ಒಂದು ಚುಚ್ಚುಮದ್ದು.

ಕ್ಯಾನರನ ಕಾಗದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. 11 ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪಿಯ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮನೆಯವರು ಬ್ಯಾಂಕು ನಡೆಸುವ ಸ್ಥಿತಿವಂತರು. ಅವರು 1942ರಲ್ಲಿ ಈ ಹುಡುಗನನ್ನು ಊರಿನಿಂದ ಹತ್ತು ಮೈಲಿ ದೂರದ ಗೇಣಿ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದ. ಹುಡುಗನಿಗೆ ಅಳೆಯುವ ಹುಚ್ಚು. ಅವರು ಅವನಿಂದ ಬಾವಿ ತೋಡಿಸಿ ಎಷ್ಟು ಆಳವಾಯಿತು ಹೇಳು ಎಂದರು. ಸತ್ತ ಹಕ್ಕಿ ಹುಳಗಳನ್ನು ಗುಡ್ಡೆಹಾಕುತ್ತಿದ್ದ. ಅದಕ್ಕೊಂದು ಹೂಳುವ ಜಾಗ ತೋರಿಸಿ ಗುರುತಿನ ಹಲಗೆ ನೆಡಿಸಿದರು. ಜೋಳದ ಸಾಲುಗಳನ್ನು ಎಣಿಸಿದ್ದೇ ಎಣಿಸುತ್ತಿದ್ದ; ನೇಗಿಲು ಹೊಡೆಯುತ್ತ ಎಣಿಸು ಎಂದರು. ಕ್ಯಾನರ್ ನೋಡುತ್ತಿದ್ದ ಹಾಗೆಯೇ ಹುಡುಗ ಕುದುರೆ ಕಟ್ಟಿ ಆರು ಸಾಲು ಉತ್ತ. ಆ ದಂಪತಿ ಯಾವ ಪುಸ್ತಕವನ್ನು ಓದಿಯೂ ಇದನ್ನು ಮಾಡಿದವರಲ್ಲ. ವೈದ್ಯಕೀಯ ಚರಿತ್ರೆಯ ಮೊದಲ ಆಟಿಸಂ ಹುಡುಗನನ್ನು ಕೆಲವು ವರ್ಷ ಹಡೆಯದವರು ಸಾಕಿದರು, ಚೆನ್ನಾಗಿ ಸಾಕಿದರು. ಡೊನಾಲ್ಡ್ ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು, ದೇಶದೇಶ ತಿರುಗಿ, 89 ವರ್ಷ ಬದುಕಿ 2023ರಲ್ಲಿ ತೀರಿಕೊಂಡ.

ಈ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನನ್ನ ಮನೆಯ ಪಡಸಾಲೆಯಲ್ಲಿ ನಾನು ಇದನ್ನೇ ಕಣ್ಣಾರೆ ನೋಡಿದ್ದೆ, ನೋಡಿಯೂ ನೋಡಿರಲಿಲ್ಲ. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದನಲ್ಲ, ಎಲ್ಲರೂ ಕಸಿದುಕೊಳ್ಳುತ್ತಿದ್ದರು. ಅಪ್ಪ ಕಸಿದುಕೊಳ್ಳುತ್ತಿದ್ದ, ನಾನೂ. ಚಿಗವ್ವ ಮಾತ್ರ ಕಸಿದುಕೊಳ್ಳಲಿಲ್ಲ. ಅವನಿಗೆ ಎಂಟು ವರ್ಷವಾದಾಗ ಒಂದು ದಿನ ಕಂಡಿಕೆ ಸುತ್ತುವ ರಾಟೆಯ ಮುಂದೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಕೈಯನ್ನು ಹಿಡಿಕೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು. ನೂಲು ಕಡಿದಾಗ ಅವನು ಚೀರಿದ. ಗಂಟು ಹಾಕಿ ಮತ್ತೆ ತಿರುಗಿಸಿದಳು. ಒಂದು ತಿಂಗಳಲ್ಲ, ಎರಡು ವರ್ಷ. ಹತ್ತನೆಯ ವಯಸ್ಸಿಗೆ ಅವನು ತಾನೇ ಕಂಡಿಕೆ ಸುತ್ತುತ್ತಿದ್ದ. ಅವನು ಸುತ್ತಿದ ಕಂಡಿಕೆಯ ನೂಲು ಲಾಳಿಯಲ್ಲಿ ಸಿಕ್ಕು ಬೀಳುವುದಿಲ್ಲವೆಂದು ಅಪ್ಪ ಬೇರೆಯವರ ಮುಂದೆ ಹೇಳುವಷ್ಟಾಯಿತು. ಹೀಗೆ ಮಾಡಬೇಕೆಂದು ಯಾರು ಹೇಳಿದರು ಎಂದು ಮೊನ್ನೆ ಕೇಳಿದೆ. "ತಿರುಗೂದ ಬೇಕಲ್ಲ ಅವಗ? ತಿರುಗಲಿ ಬಿಡು ಅಂದೆ. ಮುಚ್ಚಳಾ ತಿರುಗಿಸಿದ್ರ ಏನ ಬರತೈತಿ, ರಾಟಿ ತಿರುಗಿಸಿದ್ರ ಕಂಡಿಕಿ ಆಕ್ಕತಿ."

ಇದನ್ನು ಪವಾಡವೆಂದು ಓದಬೇಡಿ. ಅವನಿಗೆ ಈಗಲೂ ಪೂರ್ತಿ ಮಾತು ಬಂದಿಲ್ಲ, ಹತ್ತಿಪ್ಪತ್ತು ಪದಗಳಿವೆ. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಹದಿಮೂರರಿಂದ ಹದಿನಾರರವರೆಗಿನ ವರ್ಷಗಳನ್ನು ನಮ್ಮ ಮನೆಯಲ್ಲಿ ಯಾರೂ ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ತಂಗಿಗೂ ಒಂದು ದೂರು ಇದೆ, ಅದು ನ್ಯಾಯವಾದದ್ದು. "ನಮ್ಮವ್ವ ನನ್ನ ಕೂಡ ಅಷ್ಟು ಹೊತ್ತು ಎಂದೂ ಕುಂತಿಲ್ಲ." ತನ್ನ ಮಗಳನ್ನು ಹೆಚ್ಚು ಮುದ್ದು ಮಾಡಿದರೆ ಓಣಿ ಏನೆನ್ನುತ್ತದೋ ಎಂಬ ಹೆದರಿಕೆ ಚಿಗವ್ವನಿಗೆ ಇತ್ತು. ಮಲತಾಯಿ ಎಂಬ ಪದದ ಪೆಟ್ಟು ಅವಳ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಬಿತ್ತು.

ಗದಗಿನವರಿಗೆ ಹಡೆಯದೆ ಸಾಕುವುದೆಂದರೆ ಮೊದಲು ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳು ಎತ್ತಿಕೊಂಡು ಬೆಳೆಸಿದ ಅಂಧ ಬಾಲಕ ಪಂಚಾಕ್ಷರಿ ಗವಾಯಿಗಳಾಗಿ (1892–1944) ತಮ್ಮಂಥ ಮಕ್ಕಳಿಗೆ ತಾಯಿತಂದೆಯಾದರು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದ ಪುಟ್ಟರಾಜರು (1914–2010) ಅವರ ಕೈಗೆ ಬಂದರು. ಅವರು ಮುಂದೆ ಸಾವಿರಾರು ಮಕ್ಕಳಿಗೆ ಅಜ್ಜನಾದರು. ರಕ್ತಸಂಬಂಧವಿಲ್ಲದೆ ಕಟ್ಟಿದ ಇಂಥ ದೊಡ್ಡ ಕುಟುಂಬ ನಮ್ಮ ನಾಡಿನಲ್ಲಿ ಅಪರೂಪ. ನನಗೆ ಅದರ ಬಗ್ಗೆ ಇರುವುದು ಗೌರವವೇ. ಆದರೆ ಊರಿನವರು ಆ ಚರಿತ್ರೆಯನ್ನು ನೆನಪಿಟ್ಟುಕೊಂಡಿರುವ ಬಗೆಯಲ್ಲಿ ಒಂದು ತೊಡಕಿದೆ. ಕಣ್ಣಿಲ್ಲದವನಿಗೆ ದೇವರು ಕಂಠ ಕೊಟ್ಟ ಎಂದು ಅವರು ಅದನ್ನು ಹೇಳುತ್ತಾರೆ. ಹಾಗಾಗಿ ನಮ್ಮ ಮನೆಗೆ ಬಂದ ಪ್ರತಿಯೊಬ್ಬರೂ, "ಇವಗ ದೇವರು ಏನ ಕೊಟ್ಟಾನ? ಹಾಡತಾನೇನು? ಲೆಕ್ಕಾ ಮಾಡತಾನೇನು?" ಎಂದು ಕೇಳಿದರು. ಸಿನಿಮಾ ನೋಡಿದವರು ಹಿಂದಿನ ತಾರೀಖು ಹೇಳಿ ಯಾವ ವಾರ ಎಂದು ಕೇಳಿ ಪರೀಕ್ಷೆ ಮಾಡಿದರು. ಅವನು ಹಾಡುವುದಿಲ್ಲ, ಲೆಕ್ಕ ಮಾಡುವುದಿಲ್ಲ. ಕಂಡಿಕೆ ಸುತ್ತುತ್ತಾನೆ, ಅದನ್ನು ಯಾವ ಎಂಟು ವರ್ಷದ ಹುಡುಗನೂ ಒಂದು ವಾರದಲ್ಲಿ ಕಲಿಯುತ್ತಾನೆ. ಕೊರತೆಗೆ ಬದಲಾಗಿ ವರವೊಂದನ್ನು ತೋರಿಸದ ಮಗುವನ್ನು ಸಾಕಿದವರ ಚರಿತ್ರೆ ಎಲ್ಲಿಯೂ ದಾಖಲಾಗಿಲ್ಲ, ಏಕೆಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ.

ಅಪ್ಪ ಅವನನ್ನು ಬೆಳಗಿನ ಜಾವ, ಜನ ಬರುವ ಮೊದಲು, ವೀರನಾರಾಯಣನ ಗುಡಿಗೆ ಕರೆದುಕೊಂಡು ಹೋಗುತ್ತಾನೆ. ಕುಮಾರವ್ಯಾಸ ಭಾರತ ಬರೆದನೆನ್ನುವ ಕಂಬ ಅಲ್ಲಿದೆ. ಆ ಕಂಬವನ್ನು ನೋಡಿದಾಗಲೆಲ್ಲ ನನಗೆ ಯಕ್ಷಪ್ರಶ್ನೆ ನೆನಪಾಗುತ್ತದೆ. ಸತ್ತುಬಿದ್ದ ನಾಲ್ವರಲ್ಲಿ ಒಬ್ಬನನ್ನು ಕೇಳಿಕೋ ಎಂದಾಗ ಧರ್ಮರಾಯ ಭೀಮನನ್ನೂ ಅರ್ಜುನನನ್ನೂ ಬಿಟ್ಟು ನಕುಲನನ್ನು ಕೇಳುತ್ತಾನೆ. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಇರಲಿ ಎಂದು. ಚಿಕ್ಕವಳಿದ್ದಾಗ ಇದನ್ನು ಧರ್ಮರಾಯನ ದೊಡ್ಡತನವೆಂದು ಓದಿದೆ. ಈಗ ಅನ್ನಿಸುವುದು, ಈ ಲೆಕ್ಕವನ್ನು ಅವನಿಗೆ ಕಲಿಸಿದವಳು ಸವತಿಯ ಅವಳಿಗಳನ್ನು ಸಾಕಿದ ಕುಂತಿಯೇ ಇರಬೇಕು.

ಮೂರು ವರ್ಷದ ಹಿಂದೆ ಅಜ್ಜಿ ತೀರಿಕೊಂಡಳು. ಲಕ್ಷ್ಮೇಶ್ವರದಲ್ಲಿ ಅವಳ ಟ್ರಂಕು ತೆರೆದಾಗ ಸೀರೆಗಳ ಕೆಳಗೆ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಅವ್ವ ಆಗ ಗೋವಾದಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನಿಗೆ ಬರೆದದ್ದು. ಅವನು ಊರಿಗೆ ಬಂದಾಗ ತಂದಿಟ್ಟಿರಬೇಕು. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಮಗಳ ಅಕ್ಷರವೆಂದು ಇಟ್ಟುಕೊಂಡಿದ್ದಳು. ಅಂಚೆಯ ಮುದ್ರೆ ಅಳಿಸಿತ್ತು, ಮೇಲೆ ತಾರೀಖಿಲ್ಲ. ಆದರೆ ಒಳಗೆ ಗದಗಿನ ತೋಂಟದಾರ್ಯ ಜಾತ್ರೆಯ ಮಾತಿತ್ತು. ತೇರಿನ ದಿನ ಸಣ್ಣವನನ್ನು ಎತ್ತಿಕೊಂಡು ಹೋಗಿದ್ದೆ, ಡೊಳ್ಳಿನ ಸಪ್ಪಳಕ್ಕೆ ಕಿವಿ ಮುಚ್ಚಿಕೊಂಡು ನೀಲಿಗಟ್ಟುವ ಹಾಗೆ ಅತ್ತ, ನಡುವೆಯೇ ತಿರುಗಿ ಬಂದೆ ಎಂದು. ಅದರ ಕೆಳಗೆ, ಹೋದ ವರ್ಷ ಅವ್ವ, ನೀರು, ಕಾಕಿ ಅನ್ನುತ್ತಿದ್ದವನು ಈಗ ಒಂದನ್ನೂ ಅನ್ನುವುದಿಲ್ಲ, ಕರೆದರೆ ನೋಡುವುದಿಲ್ಲ, ನಿಮ್ಮ ಭಾವನ ಮುಂದೆ ಹೇಳಿಲ್ಲ, ನೀನೂ ಹೇಳಬೇಡ ಎಂದು.

ಜಾತ್ರೆ ಏಪ್ರಿಲ್ ಸುಮಾರಿಗೆ. ಹಿಂದಿನ ವರ್ಷ ಪದಗಳಿದ್ದವು ಎಂದರೆ ಅದು 2005. ಆದ್ದರಿಂದ ಈ ಪತ್ರ 2006ರ ಜಾತ್ರೆಯ ನಂತರದ್ದು, ಆಷಾಢದ ಒಳಗಿನದು. ಚಿಗವ್ವ ನಮ್ಮ ಮನೆಗೆ ಬರುವುದಕ್ಕೆ ಸುಮಾರು ಒಂದು ವರ್ಷ ಮೊದಲು. ಅವ್ವನ ಸಾವಿಗೂ ಮೊದಲು. ತಾರೀಖಿಲ್ಲದ ಕಾಗದಕ್ಕೆ ಒಳಗಿನ ಆಧಾರದಿಂದ ಕಾಲ ನಿರ್ಣಯಿಸುವುದನ್ನು ನಮಗೆ ಎಂ.ಎ. ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಶಾಸನಕ್ಕೆ, ಹಸ್ತಪ್ರತಿಗೆ ಅದನ್ನು ಬಳಸಿದ್ದೆ. ಅವ್ವನ ಅಕ್ಷರದ ಮೇಲೆ ಬಳಸಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಬೆಟಗೇರಿಗೆ ಬಂದು ಚಿಗವ್ವನಿಗೆ ಪತ್ರ ಓದಿ ಹೇಳಿದೆ. ಹದಿನಾಲ್ಕರ ವಯಸ್ಸಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತನ್ನೂ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಆಕೆ ಪೂರ್ತಿ ಕೇಳಿದಳು. ತನ್ನ ಮೇಲಿನ ಆರೋಪ ಬಿತ್ತೆಂಬ ಸಮಾಧಾನ ಆಕೆಯ ಮುಖದಲ್ಲಿ ಕಾಣಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಪಾಪ, ಆಕಿಗೆ ಗೊತ್ತಿತ್ತ? ಗೊತ್ತಿದ್ದೂ ಒಬ್ಬಾಕೀನ ಇಟ್ಕೊಂಡಿದ್ಳ?" ಎಂದಳು. ಆಮೇಲೆ ಅವ್ವನ ಫೋಟೋದ ಮುಂದೆ ಬಹಳ ಹೊತ್ತು ಕೂತಿದ್ದಳು. ನಾನು ಸಿದ್ಧ ಮಾಡಿಕೊಂಡದ್ದನ್ನು ಹೇಳಲು ಆಗಲಿಲ್ಲ.

2022ರಲ್ಲಿ ತಮ್ಮನಿಗೆ 18 ತುಂಬಿತು. ಕಾನೂನಿನ ಕಣ್ಣಿಗೆ ವಯಸ್ಕ. ಅವನಿಗೆ ಮೊದಲು ಸಿಕ್ಕಿದ್ದ ಪ್ರಮಾಣಪತ್ರದಲ್ಲಿ 'ಬುದ್ಧಿಮಾಂದ್ಯ' ಎಂದಿತ್ತು. 1995ರ ಅಂಗವಿಕಲರ ಕಾಯ್ದೆಯ ಏಳು ವಿಭಾಗಗಳಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ವಿಭಾಗಗಳನ್ನು 21ಕ್ಕೆ ಏರಿಸಿದಾಗ ಅದು ಒಳಗೆ ಬಂತು. ನಡುವೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಮಾತ್ರ ಆಟಿಸಂ ಅನ್ನು ಹೆಸರು ಹಿಡಿದು ಕರೆದಿತ್ತು. ಇಂಥವರು ವಯಸ್ಕರಾದ ಮೇಲೂ ಜಿಲ್ಲಾ ಮಟ್ಟದ ಸಮಿತಿ ಅವರಿಗೆ ಪೋಷಕರನ್ನು ನೇಮಿಸಬಹುದೆಂದು ಹೇಳುವುದೂ ಅದೇ. ಅಪ್ಪನಿಗೆ ಈಗ ದಮ್ಮು ಹೆಚ್ಚಾಗಿದೆ. ತನ್ನ ಜೊತೆಗೆ ಚಿಗವ್ವನ ಹೆಸರೂ ಪೋಷಕಿಯೆಂದು ಇರಲಿ ಎಂದು ಅರ್ಜಿ ಹಾಕಲು ಹೊರಟ.

ಅರ್ಜಿಯನ್ನು ತುಂಬಿದವಳು ನಾನು. ತುಂಬುವ ಮೊದಲು, ಅಭ್ಯಾಸಬಲದಿಂದ, ಹಳೆಯ ಕಾಯ್ದೆಗಳನ್ನು ತಿರುವಿ ಹಾಕಿದೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಆರನೆಯ ಕಲಮಿಗೆ ಒಂದು ವಿವರಣೆ ಇದೆ: ತಂದೆ, ತಾಯಿ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲ. ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಕಾಯ್ದೆ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕೆಂದು ಹೇಳುವಾಗ ಮಲತಾಯಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಸ್ವಂತ ಮಕ್ಕಳಿಲ್ಲದವಳನ್ನು ಮಾತ್ರ. ಯಾವ ಷರತ್ತೂ ಇಲ್ಲದೆ ಮಲತಾಯಿಯನ್ನು ತಾಯಿಯೆಂದು ಕರೆದದ್ದು ಹಿರಿಯ ನಾಗರಿಕರಿಗಾಗಿ ಮಾಡಿದ 2007ರ ಕಾಯ್ದೆ. ಆಕೆ ಮುಂಡರಗಿಯಿಂದ ಬಸ್ಸು ಹತ್ತಿದ ವರ್ಷವೇ.

ಅರ್ಜಿಯಲ್ಲಿ 'ವ್ಯಕ್ತಿಯೊಂದಿಗಿನ ಸಂಬಂಧ' ಎಂಬ ಕಡೆ ಬಂದಾಗ ಪೆನ್ನು ನಿಂತಿತು. "ಏನ ಬರೀಲಿ?" ಎಂದೆ. ಚಿಗವ್ವ ಕಡಲೆಬೇಳೆ ಆರಿಸುತ್ತಿದ್ದಳು. "ಏನ ಐತೋ ಅದನ್ನ ಬರಿ. ಸುಳ್ಳ ಬರೀಬ್ಯಾಡ, ಆಮ್ಯಾಲೆ ಅರ್ಜಿ ವಾಪಸ್ ಬಂದೀತು." ಮಲತಾಯಿ ಎಂದು ಬರೆದೆ. ನಾನು ಆ ಪದವನ್ನು ಆಕೆಯ ಕಣ್ಣೆದುರಿಗೆ ಬಳಸಿದ್ದು ಅದೇ ಮೊದಲು. ಓದಿ ಹೇಳು ಎಂದಳು, ಓದಿದೆ. ತಲೆಯಾಡಿಸಿ ಬೇಳೆಯ ಕಡೆ ತಿರುಗಿದಳು.

ಅರ್ಜಿ ಇನ್ನೂ ನಡೆಯುತ್ತಿದೆ. ಮುಂದಿನ ತಾರೀಖಿಗೆ ತಮ್ಮನನ್ನೂ ಕರೆದುಕೊಂಡು ಬರಲು ಹೇಳಿದ್ದಾರೆ. ಅಲ್ಲಿ ಕಾಯುವ ಜಾಗದಲ್ಲಿ ಗದ್ದಲ ಹೆಚ್ಚು ಎಂದು ಅಪ್ಪನಿಗೆ ಚಿಂತೆ. ಮೊದಲ ಬಸ್ಸಿಗೇ ಹೋಗಿ ಜನ ಸೇರುವ ಮೊದಲು ಕೂತುಬಿಡೋಣ ಎನ್ನುತ್ತಾಳೆ ಚಿಗವ್ವ. ಅವನ ಅಂಗಿಯ ಜೇಬಿನಲ್ಲಿಡಲು ತಂಗಿ ಎರಡು ಖಾಲಿ ಕಂಡಿಕೆ ತೆಗೆದಿಟ್ಟಿದ್ದಾಳೆ.